ಹತ್ತು ಮಿಲಿಮೀಟರ್

ನವೆಂಬರಿನಲ್ಲಿ ಹಾಸಿದ ನೆಲ. ಹೊರಗೆ ಲಿಯೆಪಾಯದ ಗಾಳಿ,
ಒಳಗೆ ಹೀಟರಿನ ಒಣ ಬಿಸಿ.
ಓಕ್ ಅಂತ ಹೆಸರು; ಮರವಲ್ಲ,
ಮರದ ಹಿಟ್ಟಿಗೆ ಅಂಟಿಸಿದ ಮರದ ಫೋಟೋ.
ಒಂದರ ನಾಲಗೆ ಇನ್ನೊಂದರ ಸೀಳಿಗೆ.
ಟಕ್. ಮತ್ತೆ ಟಕ್.

ಕಟ್ಟುಹಲ್ಲು ಮಾಡುವವನು ನಾನು, ಮೂವತ್ತೊಂದು ವರ್ಷದಿಂದ.
ಒಸಡಿಗೂ ಅಚ್ಚಿಗೂ ನಡುವೆ ಒಂದು ಗಸಗಸೆ ನುಗ್ಗಿದರೂ
ಮುದುಕರು ಮರುದಿನವೇ ಬಾಗಿಲು ಬಡಿಯುತ್ತಾರೆ.
ಹಾಗಾಗಿ ಗೋಡೆಯಿಂದ ಗೋಡೆಗೆ ಒತ್ತಿ ಕೂರಿಸಿದೆ,
ಇಸ್ಪೀಟಿನ ಎಲೆಯೂ ತೂರದಷ್ಟು.
ವೆಲ್ಗಾ ನೋಡಿ, ಗಡಿಯಾರದ ಒಳಗೆ ನಿಂತ ಹಾಗಿದೆ ಅಂದಳು.
ಬೂಟು ಹಾಕಿದವರನ್ನು ಎರಡು ವಾರ ಒಳಗೆ ಬಿಡಲಿಲ್ಲ.

ಜುಲೈ. ಡಬ್ಬಿಯೊಳಗೇ ಉಪ್ಪು ಹೆಪ್ಪುಗಟ್ಟಿತು.
ಹಾಲಿನ ನಡುಮಧ್ಯೆ ನೆಲ ಉಬ್ಬಿತು,
ಕಂಬಳಿಯಡಿ ಬೆಕ್ಕು ಬೆನ್ನೆತ್ತಿದ ಹಾಗೆ.
ತುಳಿದರೆ ತಗ್ಗುತ್ತದೆ, ಕಾಲು ತೆಗೆದರೆ ಏಳುತ್ತದೆ.
ರಾತ್ರಿ ನೀರು ಕುಡಿಯಲು ಹೋದವನು
ನನ್ನ ಕೆಲಸಕ್ಕೆ ನಾನೇ ಎಡವಿದೆ.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟುವ ಪೈಕಿ ನಾನು.
ಮೇಲಿನ ಮನೆಯ ಸ್ಕೈದ್ರೀತೆ, ಅವಳ ವಾಷಿಂಗ್ ಮೆಷಿನ್:
ಹಲ್ಲುಜ್ಜುವ ಮೊದಲೇ ತೀರ್ಮಾನ.
ಮೆಟ್ಟಿಲು ಹತ್ತಿ ಹೋಗಿ ಹೇಳಿಯೂ ಬಂದೆ,
ಬೇಕಾದ್ದಕ್ಕಿಂತ ನಾಲ್ಕು ಮಾತು ಜಾಸ್ತಿ.
ಹೋದ ವರ್ಷ ಸತ್ತ ಅವಳ ನಾಯಿಯನ್ನೂ ಬಿಡಲಿಲ್ಲ.

ಇಳಿದು ಬಂದಳು. ಉಗುರಿನಲ್ಲಿ ಟೊಮೆಟೊ ಗಿಡದ ಹಸಿರು,
ಕೈಯಲ್ಲಿ ಟಾರ್ಚು.
ಮೊದಲು ಮೇಲೆ ನೋಡಿದಳು. ಛಾವಣಿಯಲ್ಲಿ ಒಂದು ಕಲೆಯಿಲ್ಲ.
ಆಮೇಲೆ ಮಂಡಿಯೂರಿ, ನೆಲಕ್ಕೆ ಕೆನ್ನೆ ಹಚ್ಚಿ,
ಉಬ್ಬಿನಗುಂಟ ಬೆಳಕು ಹಾಯಿಸಿದಳು.
"ನೀರು ಕುಡಿದಿದ್ದರೆ ಅಂಚು ಊದಿರುತ್ತಿತ್ತು,
ಚಹಾದಲ್ಲಿ ಮರೆತ ಬಿಸ್ಕತ್ತಿನ ಹಾಗೆ. ಮುಟ್ಟಿ ನೋಡು."
ಮುಟ್ಟಿದೆ. ಊದಿರಲಿಲ್ಲ.
ಬೆರಳ ಗೆಣ್ಣಿನಿಂದ ಬಡಿಯುತ್ತ ಹೋದಳು:
ಟೊಳ್ಳು, ಟೊಳ್ಳು, ಗೋಡೆ ಹತ್ತಿರವಾದಂತೆ ಬಿಗಿ.
"ಆ ಪಟ್ಟಿ ಕೀಳು."

ಕಿತ್ತೆ. ಮೊಳೆ ಕಿರುಚಿತು.
ಹಲಗೆ ಗೋಡೆಗೆ ಹಣೆ ಕೊಟ್ಟು ನಿಂತಿತ್ತು,
ಗಾರೆಯ ಪುಡಿ ಮೆತ್ತಿಕೊಂಡು.
"ಇಪ್ಪತ್ತಾರು ವರ್ಷ ಯೆಲ್ಗಾವಾ ದಾರಿಯ ಹಳಿ ನೋಡಿಕೊಂಡೆ," ಎಂದಳು.
"ಸಂದು ಬಿಡದೆ ಜೋಡಿಸಿದ ಹಳಿ ಬೇಸಿಗೆಯಲ್ಲಿ ಹಾವಾಗುತ್ತದೆ.
ಕಬ್ಬಿಣದ್ದೇ ಆ ಗತಿ. ಇದು ಹೊಟ್ಟು.
ಸುತ್ತಲೂ ಹತ್ತು ಮಿಲಿಮೀಟರ್ ಕೊಯ್ಯಿ."

ಹತ್ತು ಮಿಲಿಮೀಟರ್!
ನನ್ನ ಮೇಜಿನ ಮೇಲೆ ಅದು ಒಂದು ಹಲ್ಲಿಗಿಂತ ಅಗಲ.

ಎದುರು ಗೋಡೆಗೆ ಬೀರು, ಅದರ ತುಂಬ ನನ್ನ ದವಡೆಗಳು,
ಪ್ಲಾಸ್ಟರ್ ಅಚ್ಚುಗಳು, ಒಂದನ್ನೂ ಎಸೆದವನಲ್ಲ.
"ಇಷ್ಟು ಭಾರ ಹೇರಿದರೆ ಆ ಕಡೆ ಸರಿಯುವುದಾದರೂ ಹೇಗೆ?"
ಇಬ್ಬರೂ ಇಳಿಸತೊಡಗಿದೆವು, ಮೇಲ್ದವಡೆ, ಕೆಳದವಡೆ,
ಅರ್ಧ ಊರೇ ಬಾಯಿ ತೆರೆದು ಸೋಫಾ ಮೇಲೆ.
ಒಂದರ ಚೀಟಿ ಓದಿ ಅವಳು ನಿಂತಳು.
ಝಾನಿಸ್. ಅವಳ ಗಂಡ.
ಹೆಬ್ಬೆರಳಲ್ಲಿ ಒಸಡಿನ ಏಣು ಸವರಿದಳು.
"ನೀನು ಮಾಡಿದ್ದನ್ನು ಒಂದು ದಿನವೂ ಹಾಕಲಿಲ್ಲ ಮಾರಾಯ.
ಬಿಗಿ ಅನ್ನುತ್ತಿದ್ದ.
ಒಂಬತ್ತು ವರ್ಷ ಲೋಟದಲ್ಲೇ ಇತ್ತು."
ನಾನು ಗರಗಸದ ಪ್ಲಗ್ಗು ಹುಡುಕಿದೆ.

ಕೊಯ್ದೆ. ಮನೆಯೆಲ್ಲ ಕಂದು ಧೂಳು,
ವೆಲ್ಗಾಳ ರೆಪ್ಪೆಯ ಮೇಲೂ.
ಬಾಗಿಲ ಚೌಕಟ್ಟಿನ ಬುಡ ಮಾತ್ರ ಉಳಿಯಿ ಕೆಲಸ,
ಮಧ್ಯಾಹ್ನವಿಡೀ ಹಿಡಿಯಿತು.
ಉಬ್ಬು ಕೂಡಲೇ ಇಳಿಯಲಿಲ್ಲ; ಇಳಿಯುತ್ತದೆ ಅಂದುಕೊಂಡಿದ್ದೆ.
ಅದರ ಮೇಲೆ ಎರಡು ಪೆಟ್ಟಿಗೆ ದವಡೆ ಹೇರಿ ಮಲಗಿದೆವು.
ಮೂರನೆಯ ರಾತ್ರಿ ಕತ್ತಲಲ್ಲಿ ಒಂದು ನಿಟ್ಟುಸಿರು,
ಬೆಳಿಗ್ಗೆ ನೋಡಿದರೆ ನೆಲ ಸಮ.

ಪಟ್ಟಿಯನ್ನು ಈ ಸಲ ಗೋಡೆಗೆ ಹೊಡೆದೆ, ಹಲಗೆಗಲ್ಲ.
ಕಿಟಕಿ ಬಳಿ ಒಂದರ ನಾಲಗೆ ಮುರಿದಿದೆ,
ತುಳಿದಾಗ ಟಕ್ ಅನ್ನುತ್ತದೆ. ಇರಲಿ.
ಝಾನಿಸನ ದವಡೆ ಅವಳೇ ಒಯ್ದಳು, ಏಪ್ರನ್ನಿನ ಜೇಬಿನಲ್ಲಿ.
ನಾಯಿಯ ವಿಷಯಕ್ಕೆ ಕ್ಷಮೆ ಕೇಳಿದೆ,
ಕೇಳಿಸಿತೋ ಇಲ್ಲವೋ, ಮೆಟ್ಟಿಲು ಹತ್ತುತ್ತಿದ್ದಳು.
ಭಾನುವಾರ ಅವಳ ಮೆಷಿನ್ ಗಿರಗಿರ ಶುರುವಾದರೆ
ಈಗಲೂ ನನ್ನ ಕಣ್ಣು
ಒಮ್ಮೆ ಛಾವಣಿಗೆ ಹೋಗಿ ಬರುತ್ತದೆ.