ನೌಬಾದಿನ ನಕಾಶೆ

ಸುರಂಗಬಾವಿಯ ಅಳತೆ,
ಡ್ರೋನು ಹಿಡಿದ ನಕಾಶೆ, ನಲವತ್ತು ಜಿಬಿ,
ಎಲ್ಲೋ ದೂರದ ಮೋಡದ ಕಣಜದಲ್ಲಿದೆ.
ಇಲ್ಲಿ ಬೀದರಿನ ಮೈಲೂರ ಮಹಡಿಯಲ್ಲಿ
ಒಂದೇ ದಾರ ಹಿಡಿದು ಇಳಿಯುತ್ತಿದೆ.
ನಾಳೆ ಮಧ್ಯಾಹ್ನ, ಅನ್ನುತ್ತದೆ ಪರದೆ.

ಚಹಾ ತಂದ ಘಾಳೆಪ್ಪ,
ಹೂಳೆತ್ತಿ ಹೂಳೆತ್ತಿ ಉಗುರು ಕೆಂಪಾದವನು:
“ಒಂದ ಕಡಿಂದ ತೋಡ್ಕೋತ ಹೋದ್ರ
ಮೊಮ್ಮಕ್ಳಿಗಿ ಸುದ್ದಾ ನೀರ್ ಸಿಗಲ್ರೀ ಅಕ್ಕೋರೆ.
ಸಾಲಿಗಿ ಬಾಯಿ ತೆಗದ್ರು, ಎಲ್ಲಾದ್ರಾಗೂ ಮಂದಿ ಇಳದ್ರು,
ಕೆಳಗ ಕೈಗಿ ಕೈ ತಾಗದ್ವು.”

ನಿಲ್ಲಿಸಿದೆ. ಹದಿನಾರು ಹೋಳು ಮಾಡಿ
ಇಷ್ಟನೆಯ ಬೈಟಿನಿಂದ ಇಷ್ಟನೆಯದಕ್ಕೆಂದು
ಒಂದೊಂದಕ್ಕೂ ಗಡಿ ಬರೆದು
ಕೊಡಗಳನ್ನೆಲ್ಲ ಒಟ್ಟಿಗೇ ಇಳಿಬಿಟ್ಟೆ.
ಮೂವತ್ತೆರಡೂ ಹಾಕಿ ನೋಡಿದ್ದೆ, ತಂತಿಗೆ ಬಿಕ್ಕಳಿಕೆ ಬಂತು.

ಮೂರನೆಯದು ಮೊದಲು ತುಂಬಿತು. ಆಮೇಲೆ ಹನ್ನೊಂದನೆಯದು.
ಸರದಿಯ ಹಂಗಿಲ್ಲ ಯಾವುದಕ್ಕೂ.
ಇಶಾ ನಮಾಜಿನ ಹೊತ್ತಿಗೆ
ಏಳನೆಯದು ಮಾತ್ರ ತೊಂಬತ್ತೊಂಬತ್ತರಲ್ಲಿ ನಿಂತಿತ್ತು.

ಮೊದಲಿಂದ ಯಾಕೆ? ಅದೊಂದನ್ನೇ ಮತ್ತೆ ಕೇಳಿದೆ.

ಜೋಡಿಸಿ ತೆರೆದರೆ ಕೆಂಪು ಕಲ್ಲಿನಡಿ
ನೀಲಿ ಗೆರೆ, ಗೆರೆಯುದ್ದ ಚುಕ್ಕಿ ಚುಕ್ಕಿ ಬಾವಿ.
ಘಾಳೆಪ್ಪ ಖಾಲಿ ಜಾಗಕ್ಕೆ ಬೆರಳಿಟ್ಟ.
“ಇಲ್ಲೊಂದದ. ಮ್ಯಾಲ ಮನಿ ಕಟ್ಯಾರ.
ಎಷ್ಟ ಜೋರ್ ಇಳಿಸಿದ್ರೂ ಬರಂಗಿಲ್ಲ ಅದು.”