ಲೋ

ದೊಮ್ಮಲೂರಿನ ಹೊಂಗೆಮರದ ಕೆಳಗೆ ನಮ್ಮ ಇಸ್ತ್ರಿ ಗಾಡಿ.
ಮೂವತ್ತು ವರ್ಷದಿಂದ ಅಪ್ಪ ಅಲ್ಲೇ ನಿಂತಿದ್ದಾನೆ,
ಏಳು ಕೇಜಿಯ ಹಿತ್ತಾಳೆ ಪೆಟ್ಟಿಗೆ, ಒಳಗೆ ಇದ್ದಿಲು,
ಬೀದಿಯವರ ಸುಕ್ಕೆಲ್ಲ ಅವನ ಕೈಕೆಳಗೆ.

ಮಿಲಿಟರಿ ಕ್ವಾರ್ಟರ್ಸಿನ ಗಂಟು ಬಿಚ್ಚಿದ ದಿನ
ತಮ್ಮ ಬಂದು ಪಕ್ಕ ನಿಲ್ಲುತ್ತಿದ್ದ.
ಎಂಟನೇ ಕ್ಲಾಸು, ಮೂಗಲ್ಲಿ ಇನ್ನೂ ಸಿಂಬಳ.
"ತೋಳಿಗೆ ಗೆರೆ ಒಂದೇ ಇರಬೇಕು ಕಣೋ,
ಎರಡಾದ್ರೆ ಆ ಸಾಹೇಬ್ರು ಬೈಸ್ಕೋತಾರೆ, ಪಾಪ."
ಹಸಿರು ಅಂಗಿಗಳನ್ನು ಹ್ಯಾಂಗರಿಗೆ ತೂಗಿ
ಒಂದೇ ಕೈಯಲ್ಲಿ ಸೈಕಲ್ಲು, ಇನ್ನೊಂದು ಕೈ ಮೇಲೆತ್ತಿ
ಹೋಗುತ್ತಿದ್ದ, ಉತ್ಸವಮೂರ್ತಿ ಹೊತ್ತವರ ಹಾಗೆ.
ಒಮ್ಮೆ ಹಂಪು ಹಾರಿ ಬಿದ್ದ.
ಮಂಡಿ ಒಡೆಯಿತು. ಅಂಗಿ ನೆಲ ಮುಟ್ಟಲಿಲ್ಲ.

ಟೀವಿಯವರು ಕೇಳಿದಾಗ ಇದು ಯಾರಿಗೂ ನೆನಪಾಗಲಿಲ್ಲ.
ಅಮ್ಮ ಮೈಕಿಗೆ ಅಂದದ್ದು ಇಷ್ಟೇ:
ಹಿತಕಿದಬೇಳೆ ಸಾರು ಅಂದ್ರೆ ಪ್ರಾಣ ಬಿಡೋನು.
ಅಂದಮೇಲೆ ಸೆರಗು ಬಾಯಿಗಿಟ್ಟುಕೊಂಡಳು.

ಸುದ್ದಿ ತಂದವರು ಹಿಂದಿಯಲ್ಲಿ ಹೇಳಿದರು,
ನಿಧಾನಕ್ಕೆ, ಟೋಪಿ ಕಂಕುಳಲ್ಲಿಟ್ಟುಕೊಂಡು.
ಅವನ ಡ್ಯೂಟಿ ಮುಗಿದಿತ್ತಂತೆ.
ಬದಲಿಗೆ ಬರಬೇಕಾದವನಿಗೆ ಜ್ವರವಂತೆ.
ಮಲಗು, ನಾನೇ ನಿಲ್ತೀನಿ, ಅಂದನಂತೆ.
ಅಮ್ಮ ಒಂದೇ ಮಾತು ಹಿಡಿದುಕೊಂಡಳು:
"ಬರ್ಫ್ ಅಂದ್ರೆ ಏನೇ?"
ಮಂಜುಗಡ್ಡೆ, ಅಂದೆ.
"ಬೇಸಿಗೇಲೂ ತಣ್ಣೀರು ಸೋಕಿಸಿದೋನಲ್ಲ ಅದು,"
ಅಂದು ಒಳಗೆ ಹೋಗಿ
ಹಂಡೆ ತುಂಬಾ ನೀರು ತುಂಬಿ ಒಲೆ ಹಚ್ಚಿದಳು.
ಯಾರೂ ತಡೆಯಲಿಲ್ಲ.
ರಾತ್ರಿಯೆಲ್ಲ ಕುದಿಯಿತು ನೀರು.

ಆಮೇಲೆ ಟ್ರಂಕು ಬಂತು.
ಅರ್ಧ ಹಿಂಡಿದ ಪೇಸ್ಟು, ನನ್ನ ಮದುವೆಯ ಫೋಟೊ,
ಹೆಸರು ತಿಳಿಯದ ಊರಿನ ಬಸ್ ಟಿಕೇಟು,
ತಳದಲ್ಲಿ, ಮಡಿಸಿಟ್ಟ ಒಂದು ಜೊತೆ ಯೂನಿಫಾರಂ,
ಇಸ್ತ್ರಿಯಾದದ್ದು.
ಅಪ್ಪ ತೋಳನ್ನು ಬಾಗಿಲ ಬೆಳಕಿಗೆ ಹಿಡಿದ.
ಗೆರೆ ಒಂದೇ.
"ಮೊಣಕೈ ಹತ್ರ ಒಂಚೂರು ಸೊಟ್ಟ ಹೋಗಿದಾನೆ,"
ಅಂದ. ಬಹಳ ಹೊತ್ತು ಅಲ್ಲೇ ನಿಂತ.
ಊರ ಬಟ್ಟೆಗೆಲ್ಲ ಸೋಕಿದ ಪೆಟ್ಟಿಗೆ
ಅದಕ್ಕೆ ಮಾತ್ರ ಇವತ್ತಿಗೂ ಸೋಕಿಲ್ಲ.

ಹೋದ ವರ್ಷ ಅಡ್ಡರಸ್ತೆಗೆ ಹೆಸರಿಟ್ಟರು.
ಶಾಮಿಯಾನ, ಹಾರ, ದೊನ್ನೆಯಲ್ಲಿ ಕೇಸರಿಬಾತು.
ಪರದೆ ಸರಿದರೆ ಹಳದಿ ಹಲಗೆ, ಕಪ್ಪು ಅಕ್ಷರ:
ವೀರಯೋಧ ಪಿ. ರೋಹಿತ್ ರಸ್ತೆ.
ಲೋಹಿತ್ ಸಾರ್, ಅಂದೆ ನಾನು.
ಚಪ್ಪಾಳೆಯೊಳಗೆ ಯಾರೋ ಬರೆದುಕೊಂಡರು.
ಮೂರು ಅರ್ಜಿ ಕೊಟ್ಟೆ. ವಾರ್ಡ್ ಆಫೀಸಿನಲ್ಲಿ
ಆ ಫೈಲು ನೋಡುವವರಿಗೆ ವರ್ಗವಾಗಿತ್ತು.

ಒಂದು ಬೆಳಗ್ಗೆ ಅಪ್ಪ ಸ್ಟೂಲು ಒಯ್ದ.
ಪೆಟ್ಟಿಗೆಯ ಬಾಯಿ ತೆಗೆದು, ಆರಿದ ಇದ್ದಿಲೊಂದನ್ನು
ತರಕಾರಿ ಆರಿಸುವ ಹಾಗೆ ಆರಿಸಿದ.
ಮೂರನೇ ಕ್ಲಾಸಿಗೆ ಬಿಟ್ಟವನು
ರೋ ಮೇಲೆ ದಪ್ಪಗೆ ತಿದ್ದಿದ: ಲೋ.

ಮಳೆ ಬಂದರೆ ಅಳಿಸುತ್ತದೆ.
ಬೆಂಗಳೂರ ಮಳೆ, ಹೇಳಿ ಬರುವುದಲ್ಲ.
ಮರುದಿನ ಮತ್ತೆ ಸ್ಟೂಲು.

ಊಟ ತಲುಪಿಸುವ ಹುಡುಗರು ಫೋನಲ್ಲಿ ಮುಖವಿಟ್ಟು ಬರುತ್ತಾರೆ.
"ಅಂಕಲ್, ರೋಹಿತ್ ರಸ್ತೆ ಯಾವ್ದು?"
ಅಪ್ಪ ಕತ್ತೆತ್ತುವುದಿಲ್ಲ.
"ಆ ಹೆಸರಿನೋರು ಇಲ್ಲಿ ಯಾರೂ ಇಲ್ಲಪ್ಪ."
ಆಮೇಲೆ ಪೆಟ್ಟಿಗೆ ಹಿಡಿದ ಕೈಯಲ್ಲೇ
ದಾರಿ ತೋರಿಸುತ್ತಾನೆ,
ಊಟ ಆರಿಹೋಗಬಾರದಲ್ಲ.

ನಿನ್ನೆ ಸಂಜೆ ಆಲಿಕಲ್ಲು ಮಳೆ.
ಇವತ್ತು ಅವನಿಗೆ ಮಂಡಿ ನೋವು. ಸ್ಟೂಲು ನಾನೇ ಹತ್ತಿದೆ.
ಇದ್ದಿಲು ಇನ್ನೂ ಪೂರ್ತಿ ಆರಿರಲಿಲ್ಲ.
"ಒತ್ತಿ ಬರಿ," ಅಂದ ಕೆಳಗಿಂದ.
ಒತ್ತುತ್ತ ಒತ್ತುತ್ತ ಬಾಯಿಗೂ ಬಂದುಬಿಟ್ಟಿತು,
ತಿರುವಿನಲ್ಲಿ ಸೈಕಲ್ಲು ಒಂದೇ ಕೈಯಲ್ಲಿ ವಾಲಿದಾಗ
ಗಾಡಿಯ ಹತ್ತಿರದಿಂದ ನಾನು ಕೂಗುತ್ತಿದ್ದದ್ದು:

ಲೋ,
ನಿಧಾನ ಕಣೋ.