ತಂಗಳಿನ ಪಂಚನಾಮೆ

ಬೆಳಗಿನಿಂದ ಆರು ಅಡುಗೆಮನೆ ಹೊಕ್ಕು ಬಂದಿದ್ದೇನೆ.
ಹೆಸಲ್ ರಸ್ತೆಯ ಮೀನಂಗಡಿಯವನ ತಣ್ಣನೆ ಕೋಣೆಯಲ್ಲಿ
ಕಡ್ಡಿ ಚುಚ್ಚಿ, ಒಂಬತ್ತು ಡಿಗ್ರಿ ಎಂದು ಬರೆದುಕೊಂಡು,
ಎರಡು ಬುಟ್ಟಿ ಸೀಗಡಿಯನ್ನು ಅವನ ಕೈಯಿಂದಲೇ ಸುರಿಸಿದೆ.
ಚೀಟಿ ಇಲ್ಲದ ಡಬ್ಬಿ ಡಬ್ಬಿಯೇ ಅಲ್ಲ, ಮಾರಾಯ,
ತಾರೀಖು ಬರಿ, ತಾರೀಖು!
ಹಲ್ ಊರಿನ ನಗರಸಭೆ ನನಗೆ ಸಂಬಳ ಕೊಡುವುದೇ
ಈ ಒಂದು ಮಾತಿಗೆ.

ಈಗ ರಾತ್ರಿ ಒಂಬತ್ತೂವರೆ. ನನ್ನದೇ ಫ್ರಿಜ್ಜು.
ಮೊಸರಿನ ಹಿಂದೆ, ಬತ್ತಿದ ಅರ್ಧ ನಿಂಬೆಯ ಪಕ್ಕ,
ಐಸ್‌ಕ್ರೀಮಿನ ಡಬ್ಬಿಯಲ್ಲಿ ಹಿತಕಿದ ಅವರೆಯ ಸಾರು.
ಚೀಟಿ ಇಲ್ಲ.
ಮುಚ್ಚಳದ ಮೇಲೆ ವೆನಿಲಾ ಎಂದಿದೆ,
ಅದನ್ನು ಸಾಕ್ಷಿ ಅಂತ ಹಿಡಿಯುವ ಹಾಗಿಲ್ಲ.

ಮೂಗು ಅಂದಿತು: ಅಡ್ಡಿಯಿಲ್ಲ.
ಮೂಗನ್ನು ನಂಬಬೇಡಿ, ಕೆಟ್ಟದ್ದೆಲ್ಲ ನಾರುವುದಿಲ್ಲ,
ಅಂತ ಊರಿಗೆಲ್ಲ ಹೇಳಿಕೊಂಡು ತಿರುಗುವವಳು ನಾನು.
ನಮ್ಮಜ್ಜಿ ಸೌಟು ಎತ್ತಿ ಹಿಡಿಯುತ್ತಿದ್ದಳು:
ನೂಲು ಬಿಟ್ಟರೆ ದನಕ್ಕೆ, ಬಿಡದಿದ್ದರೆ ನಮಗೆ.
ಎಷ್ಟು ಬೇಗ ಮುಗಿಯುತ್ತಿತ್ತು ವಿಚಾರಣೆ!
ನಾನೂ ಎತ್ತಿ ಹಿಡಿದೆ. ನೂಲು ಬಿಡಲಿಲ್ಲ.
ಆದರೆ ನಮ್ಮ ಕರಪತ್ರಕ್ಕೆ ನೂಲು ಬೇಡ, ಲೆಕ್ಕ ಬೇಕು.
ಎರಡು ದಿನ ಅನ್ನುತ್ತದೆ ಅದು. ಅಮೆರಿಕದವರು
ನಾಲ್ಕರ ತನಕ ಬಿಡುತ್ತಾರಂತೆ.
ಅವರೆಕಾಳು ಯಾವ ದೇಶದ ಪ್ರಜೆ?

ಯಾವತ್ತು ಮಾಡಿದ್ದು ಇದು?

"ಸೋಮವಾರ," ಅಂದ ಸಿದ್ಧ, ಪೇಪರಿನಿಂದ ತಲೆ ಎತ್ತದೆ.
ಸೋಮವಾರ ಬಾಯ್ಲರಿನವನು ಬಂದು ಗ್ಯಾಸು ನಿಲ್ಲಿಸಿದ್ದ,
ಬ್ರೆಡ್ಡು ತಿಂದು ಮಲಗಿದ್ದೆವು.
"ಹಂಗಾದ್ರೆ ಬುಧವಾರ."
ಬುಧವಾರ ನಿನ್ನ ಕಾರವಾನ್ ಫ್ಯಾಕ್ಟರಿಯಲ್ಲಿ ಓವರ್‌ಟೈಮು.
ನಿನ್ನೆಯಂತೂ ಒಲೆಯನ್ನೇ ಹಚ್ಚಿಲ್ಲ.

ಉಳಿದದ್ದು ಮಂಗಳವಾರ.
ಇಬ್ಬರೂ ಸುಮ್ಮನಾದೆವು.

ಲೆಸ್ಟರಿನಿಂದ ತರಿಸಿದ ಕಾಳು. ಇಬ್ಬರೂ ಎದುರುಬದುರು ಕೂತು
ಹಿಸುಕಿ ಹಿಸುಕಿ ಸಿಪ್ಪೆ ಹಾರಿಸಿದ್ದೆವು,
ಒಂದು ಕಾಳು ಅವನ ಕನ್ನಡಕಕ್ಕೆ ಹೋಗಿ ಬಡಿದಿತ್ತು.
ಆಮೇಲೆ ಅವನ ತಮ್ಮನಿಗೆ ಕೊಟ್ಟ ಸಾಲದ ಮಾತು ಬಂತು,
ಅಲ್ಲಿಂದ ನನ್ನ ತಾಯಿಯ ತನಕ ಹೋಯಿತು,
ಸಾರು ಒಲೆಯ ಮೇಲೆ ಕುದಿಯುತ್ತಲೇ ಇತ್ತು.

ವಿಚಾರಣೆಯ ಎರಡನೇ ಪ್ರಶ್ನೆ ಬಾಯಿಪಾಠ ನನಗೆ.
ಅದೇ ಸರಕಾರಿ ದನಿಯಲ್ಲಿ ಕೇಳಿದೆ:
ಎಷ್ಟು ಹೊತ್ತು ಹೊರಗಿತ್ತು? ಎಷ್ಟು ಗಂಟೆಗೆ ಒಳಗಿಟ್ಟೆ?
ಕೇಳಿಯಾದ ಮೇಲೆ ತಿಳಿಯಿತು, ಏನು ಕೇಳಿದೆನೆಂದು.

ನಾನು ಮಹಡಿ ಹತ್ತಿ ಬಾಗಿಲು ಹಾಕಿಕೊಂಡದ್ದು ಎಂಟೂಕಾಲಿಗೆ.

ಅವನು ಪೇಪರು ಮಡಿಚಿದ. ಮತ್ತೆ ಬಿಚ್ಚಿದ.
"ಕೊನೇ ಬಸ್ಸು ಹೋದ್ಮೇಲೆ," ಅಂದ.
"ನೀನು ಇಳಿದು ಬಂದು ಉಣ್ತೀಯೇನೋ ಅಂತ
ಎರಡು ಸಲ ಬಿಸಿ ಮಾಡಿದ್ದೆ."

ಎರಡು ಸಲ. ನನ್ನ ಪುಸ್ತಕದಲ್ಲಿ
ಅದು ತಪ್ಪಿನ ಮೇಲೆ ಕೂತ ತಪ್ಪು.
ಎರಡು ಸಲವೂ ಮೆಟ್ಟಿಲು ಹತ್ತಿ ಬಂದಿತ್ತು ಇಂಗಿನ ವಾಸನೆ.
ಒಬ್ಬನೇ ಕೂತು ಹೊಟ್ಟೆ ತುಂಬ ಉಣ್ಣುತ್ತಿದ್ದಾನೆ ಅಂದುಕೊಂಡು
ಗೋಡೆಗೆ ಮುಖ ತಿರುಗಿಸಿದ್ದೆ.
ಈಗ ನೋಡಿದರೆ ಡಬ್ಬಿ ತುಂಬಿದೆ, ಕಂಠಮಟ್ಟ.
ಇದೊಂದನ್ನು ಮಾತ್ರ ಇನ್‌ಸ್ಪೆಕ್ಟರು ಗಮನಿಸಿಯೇ ಇರಲಿಲ್ಲ.

"ಅನ್ನಾನೂ ಹಳಸಿತ್ತು, ನಾಯೀನೂ ಹಸಿದಿತ್ತು," ಅಂದ ಸಿದ್ಧ,
ತಾನೇ ಒಂದು ಚಮಚ ಹಿಡಿದು ಹತ್ತಿರ ಬರುತ್ತ.
ನಾನು ಅಡ್ಡ ನಿಂತೆ. ಬೇಡ. ಇದು ಹೋಗಲಿ.

ಹಿತ್ತಲಿಗೆ ಹೋಗಿ ಕಂದು ತೊಟ್ಟಿಯ ಮುಚ್ಚಳ ಎತ್ತಿದೆ.
ಪಕ್ಕದ ಮನೆಯ ಚಿಮಣಿಯ ಮೇಲಿಂದ ಒಂದು ಕಡಲಕಾಗೆ
ಕತ್ತು ಓರೆ ಮಾಡಿ ನೋಡುತ್ತಿತ್ತು.
ಒಳಗೆ ಒಗ್ಗರಣೆಗೆ ಎಣ್ಣೆ ಇಟ್ಟ ಸದ್ದು,
ಮಂಡಕ್ಕಿಯ ಚೀಲ ಹರಿದ ಸದ್ದು.

ಸುರಿಯುವ ಮೊದಲು ಬೆರಳದ್ದಿ ನೆಕ್ಕಿದೆ.
ಉಪ್ಪು ಸರಿಯಾಗಿತ್ತು.
ಇದನ್ನು ಎಲ್ಲಿಯೂ ಬರೆದಿಲ್ಲ.